‘ಬೇಜಾರು’ ಎಂದು ಬರೆದ ಹುಡುಗಿಗೆ ಉತ್ತರ ಕೊಡುವವರು ಯಾರು?

ಹದಿನಾರರ ಹುಡುಗನೋ ಹುಡುಗಿಯೋ ಬಂದು ‘ನನಗೆ ಖಿನ್ನತೆ’ ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಖಿನ್ನತೆ ಪತ್ರಿಕೆಯ ಮಾತು, ವೈದ್ಯರ ಚೀಟಿಯ ಮಾತು. ಮಕ್ಕಳ ಬಾಯಲ್ಲಿ ಇರುವುದು ‘ಬೇಜಾರು’. ಮಳೆ ಬಂದು ಕ್ರಿಕೆಟ್ ನಿಂತರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಜ್ಜ ತೀರಿಕೊಂಡರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಇದು ಯಾವ ಬೇಜಾರು ಎಂಬುದು ಪದದಿಂದ ತಿಳಿಯುವುದಿಲ್ಲ. ಹೇಳಿದ ದನಿಯಿಂದ, ಹೇಳಿ ಸುಮ್ಮನಾದ ರೀತಿಯಿಂದ, ತಟ್ಟೆಯಲ್ಲಿ ಉಳಿದ ಅನ್ನದಿಂದ ತಿಳಿಯುತ್ತದೆ.

ಈಗ ಆ ಮಾತು ಫೋನಿನೊಳಗೆ ಹೋಗುತ್ತಿದೆ. ರಾತ್ರಿ ಹನ್ನೊಂದರ ಮೇಲೆ, ಹೊದಿಕೆಯ ಒಳಗೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ. ಆ ಕಡೆ ಇರುವವರು ತರಬೇತಿ ಪಡೆದ ಆಪ್ತಸಮಾಲೋಚಕರಾಗಿರಬಹುದು, ಸರ್ಕಾರಿ ಸಹಾಯವಾಣಿಯವರಾಗಿರಬಹುದು, ಮೂರು ತಿಂಗಳ ಕೋರ್ಸ್ ಮುಗಿಸಿ ಹೆಸರಿನ ಮುಂದೆ ‘ಥೆರಪಿಸ್ಟ್’ ಎಂದು ಬರೆದುಕೊಂಡವರಾಗಿರಬಹುದು, ಅಥವಾ ಮನುಷ್ಯರೇ ಅಲ್ಲದಿರಬಹುದು. ಆನ್‌ಲೈನ್ ಚಿಕಿತ್ಸೆ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸುವಾಗ ಇವರನ್ನೆಲ್ಲ ಒಂದೇ ಚೀಲಕ್ಕೆ ತುಂಬುತ್ತೇವೆ. ಲೆಕ್ಕ ತಪ್ಪುವುದೇ ಅಲ್ಲಿ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ ಎಂದು ಹೇಳಿತು. ಮಹಾನಗರಗಳಲ್ಲಿ ಇದು ಶೇ 13.5. ವಿಚಿತ್ರವೆಂದರೆ, ಬೆಂಗಳೂರಿನಲ್ಲೇ ಕುಳಿತು ಮಾಡಿದ ಈ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಒಂದು ಪೂರ್ವಭಾವಿ ಅಧ್ಯಯನ ನಡೆಯಿತು, ಅಷ್ಟೇ. ಲಕ್ಷ ಜನರಿಗೆ ಮುಕ್ಕಾಲು ಮನೋವೈದ್ಯ ಎಂಬುದು ಆ ಹೊತ್ತಿನ ದೇಶದ ಸರಾಸರಿ. ಅವರಲ್ಲೂ ಮಕ್ಕಳ ಮನಸ್ಸಿನ ಕುರಿತು ಪ್ರತ್ಯೇಕ ತರಬೇತಿ ಪಡೆದವರು ಬೆರಳೆಣಿಕೆಯಷ್ಟು, ಅವರೂ ದೊಡ್ಡ ನಗರಗಳಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರ ಒಂದೇ ವರ್ಷದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಎಲ್ಲ ಸಾವಿನ ಹಿಂದೆಯೂ ಖಿನ್ನತೆಯೇ ಇತ್ತು ಎನ್ನಲಾಗದು. ಆದರೆ ಇವರಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಯಾರ ಬಳಿಯಾದರೂ ಬಾಯಿ ಬಿಟ್ಟಿದ್ದರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಯಾದಗಿರಿಯ ಅಥವಾ ಸಿದ್ದಾಪುರದ ಮಗುವಿಗೆ ತರಬೇತಾದ ಕಿವಿಯೊಂದು ಸಿಗುವ ದಾರಿ ಫೋನ್ ಮಾತ್ರ ಎನ್ನುವ ಸ್ಥಿತಿಯಲ್ಲಿ, ‘ಎದುರು ಬದುರು ಕೂತು ಮಾತಾಡಿದರಷ್ಟೇ ಚಿಕಿತ್ಸೆ’ ಎಂಬ ಹಟಕ್ಕೆ ಅರ್ಥವಿಲ್ಲ.

ಇನ್ನೊಂದು ತೊಡಕಿದೆ. ಹದಿಹರೆಯದ ಖಿನ್ನತೆ ದೊಡ್ಡವರ ಖಿನ್ನತೆಯ ಹಾಗೆ ಕಾಣುವುದಿಲ್ಲ. ದೊಡ್ಡವರು ಮಂಕಾಗುತ್ತಾರೆ, ಮಕ್ಕಳು ಬಹಳ ಸಲ ಸಿಡುಕುತ್ತಾರೆ. ರೋಗನಿರ್ಣಯದ ಕೈಪಿಡಿಗಳೂ ಇದನ್ನು ಒಪ್ಪಿವೆ: ಈ ವಯಸ್ಸಿನಲ್ಲಿ ದುಃಖದ ಬದಲು ಸಿಡಿಮಿಡಿಯೇ ಮುಖ್ಯ ಲಕ್ಷಣವಾಗಿರಬಹುದು. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟಿದೆ, ಕಾರಣವಿಲ್ಲದ ತಲೆನೋವು ಹೊಟ್ಟೆನೋವು, ಇಷ್ಟದ ಆಟ ಬೇಡ, ಅಂಕ ಜಾರುತ್ತಿದೆ, ಮಾತಿಗೆ ಮೊದಲು ಕೋಪ. ಮನೆಯವರಿಗೆ ಇದು ‘ಕೊಬ್ಬು’, ಶಿಕ್ಷಕರಿಗೆ ‘ಶಿಸ್ತಿಲ್ಲ’, ನೆಂಟರಿಗೆ ‘ಮೊಬೈಲ್ ಹುಚ್ಚು’. ಮೂರೂ ಕಡೆ ಸಿಗುವ ಮೊದಲ ಚಿಕಿತ್ಸೆ ಫೋನ್ ಕಸಿದುಕೊಳ್ಳುವುದು. ನೆರವಿನ ಬಾಗಿಲೂ ಅದರಲ್ಲೇ ಇತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಆನ್‌ಲೈನ್ ಚಿಕಿತ್ಸೆ ಕೆಲಸ ಮಾಡುತ್ತದೆಯೇ? ಈ ಪ್ರಶ್ನೆಗೆ ಉತ್ತರವಿಲ್ಲದೇ ಇಲ್ಲ. ಸ್ವೀಡನ್ನಿನ ಸಂಶೋಧಕರು 15ರಿಂದ 19 ವರ್ಷದ, ಖಿನ್ನತೆಯಿದ್ದ 272 ಮಂದಿಯ ಮೇಲೆ ಎರಡು ಬಗೆಯ ಅಂತರ್ಜಾಲ ಚಿಕಿತ್ಸೆಗಳನ್ನು ಹೋಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಕ್ರಮ. ಇನ್ನೊಂದು, ಒಳಗೆ ಅದುಮಿಟ್ಟ ಭಾವನೆಗಳನ್ನು ಹೊರತೆಗೆಯುವ ಮನೋವಿಶ್ಲೇಷಣೆಯ ಕ್ರಮ. ಹತ್ತು ವಾರ, ಎಂಟು ಪಾಠ. ಎರಡರಲ್ಲೂ ಮಕ್ಕಳು ಗಮನಾರ್ಹವಾಗಿ ಚೇತರಿಸಿಕೊಂಡರು. ಒಂದು ಇನ್ನೊಂದಕ್ಕಿಂತ ಕಡಿಮೆಯಾಗಲಿಲ್ಲ. ಇದನ್ನು ಓದುವಾಗ ನನ್ನ ಕಣ್ಣು ನಿಂತದ್ದು ಯಾವ ಸಿದ್ಧಾಂತ ಗೆದ್ದಿತು ಎಂಬಲ್ಲಲ್ಲ. ಪಾಠಗಳ ಜೊತೆಗೆ ವಾರಕ್ಕೊಮ್ಮೆ ಅರ್ಧ ಗಂಟೆ, ಚಿಕಿತ್ಸಕರೊಬ್ಬರು ಆ ಮಗುವಿನೊಡನೆ ಬರಹದಲ್ಲಿ ಹರಟುತ್ತಿದ್ದರು. ವಿಡಿಯೊ ಇಲ್ಲ, ದನಿ ಇಲ್ಲ, ಬರೀ ಅಕ್ಷರ. ಅಷ್ಟು ಸಾಕಾಯಿತು.

ಇದರ ಪಕ್ಕಕ್ಕೆ ನ್ಯೂಜಿಲೆಂಡಿನ ‘ಸ್ಪಾರ್ಕ್ಸ್’ ಕಥೆಯನ್ನು ಇಡಬೇಕು. ಅದು ಸಿಬಿಟಿಯನ್ನು ಕಂಪ್ಯೂಟರ್ ಆಟವಾಗಿ ಕಟ್ಟಿದ ಪ್ರಯೋಗ: ಕಲ್ಪಿತ ಲೋಕವೊಂದರಲ್ಲಿ ಏಳು ಸೀಮೆಗಳನ್ನು ದಾಟುತ್ತಾ, ಕೆಟ್ಟ ಯೋಚನೆಗಳನ್ನು ಹಾರುವ ಹುಳುಗಳಂತೆ ಹೊಡೆದುರುಳಿಸಬೇಕು. 2012ರಲ್ಲಿ ಪ್ರಕಟವಾದ, 187 ಮಕ್ಕಳ ಮೇಲಿನ ಪರೀಕ್ಷೆಯಲ್ಲಿ ಇದು ಮಾಮೂಲಿ ಆಪ್ತಸಮಾಲೋಚನೆಗೆ ಸರಿಸಮನಾಗಿ ನಿಂತಿತು. ಪೂರ್ಣ ಚೇತರಿಕೆಯಲ್ಲಿ ಒಂದು ಕೈ ಮೇಲೆಯೇ, ಶೇ 44ಕ್ಕೆ ಎದುರು ಶೇ 26. ಸರ್ಕಾರ ಅದನ್ನು ದೇಶದ ಎಲ್ಲ ಮಕ್ಕಳಿಗೂ ಉಚಿತವಾಗಿ ತೆರೆದಿಟ್ಟಿತು. ಆಗ ನಿಜ ಗೊತ್ತಾಯಿತು. ಪರೀಕ್ಷೆಯಲ್ಲಿ ಕೊನೆಯವರೆಗೆ ಆಡಿದ ಮಕ್ಕಳಂತೆ ಹೊರಗಿನ ಮಕ್ಕಳು ಆಡಲಿಲ್ಲ. ಬಹುಪಾಲು ಮಂದಿ ಒಂದೆರಡು ಹಂತಕ್ಕೇ ಕೈಬಿಟ್ಟರು. ಏಳಲೂ ಮನಸ್ಸಿಲ್ಲದವನಿಗೆ ‘ನೀನೇ ಏಳು ವಾರ ಆಡು’ ಎಂದರೆ ಅವನು ಆಡುವುದಾದರೂ ಹೇಗೆ? ಕಾಯಿಲೆಯೇ ಔಷಧಿಯ ಕೈ ಹಿಡಿದು ಹಿಂದಕ್ಕೆ ಎಳೆಯುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ವಿಚಾರಿಸುವವರಾದರೂ ಇದ್ದರು.

ಇದೇ ನನ್ನ ವಾದದ ತಿರುಳು. ಪರದೆಯೋ ಕೋಣೆಯೋ ಎಂಬುದು ಎರಡನೆಯ ಪ್ರಶ್ನೆ. ಅದೇ ಒಬ್ಬರು, ವಾರ ವಾರವೂ, ಕಾದು ಕೂತಿರುತ್ತಾರೆಯೇ ಎಂಬುದು ಮೊದಲನೆಯದು. ಒಳಗಿನ ಪಾಠವೇನೂ ಬ್ರಹ್ಮವಿದ್ಯೆಯಲ್ಲ. ‘ಮನಸ್ಸು ಬಂದ ಮೇಲೆ ಮಾಡುತ್ತೇನೆ’ ಎಂಬುದನ್ನು ತಿರುಗಿಸಿ, ಮಾಡಿದ ಮೇಲೆ ಮನಸ್ಸು ಬರುತ್ತದೆಯೇ ನೋಡು ಎನ್ನುವುದು ಸಿಬಿಟಿಯ ಅರ್ಧ. ಸಂಜೆ ಮಹಡಿಗೆ ಹೋಗಿ ಗಿಡಕ್ಕೆ ನೀರು ಹಾಕು, ಮುಂಚೆ ಎಷ್ಟು ಭಾರವಿತ್ತು, ಆಮೇಲೆ ಎಷ್ಟಿದೆ ಎಂದು ಹತ್ತರಲ್ಲಿ ಅಂಕ ಹಾಕು. ‘ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ’ ಎಂಬ ಯೋಚನೆ ಬಂದಾಗ, ನಕ್ಕವರು ನಿಜಕ್ಕೂ ಎಷ್ಟು ಜನ ಎಂದು ಎಣಿಸು. ಇದನ್ನು ಆ್ಯಪ್ ಕೂಡ ಹೇಳಿಕೊಡಬಲ್ಲದು. ಆದರೆ ಮೂರನೇ ವಾರ ಗಿಡ ಒಣಗಿದಾಗ ಬೈಯದೆ ಕೇಳುವುದು ಬೇರೆಯದೇ ಕೆಲಸ.

ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ಡಿಜಿಟಲ್ ಸಿಬಿಟಿ ಸೌಮ್ಯ ಖಿನ್ನತೆಯ ಮಕ್ಕಳಿಗೆ ಕೊಡಬಹುದಾದ ಮೊದಲ ಆಯ್ಕೆಗಳಲ್ಲಿ ಒಂದು, ಮಧ್ಯಮ ಮತ್ತು ತೀವ್ರ ಖಿನ್ನತೆಯ ಹದಿಹರೆಯದವರಿಗೆ ಒಬ್ಬರಿಗೊಬ್ಬರು ಕೂತು ನಡೆಸುವ ಚಿಕಿತ್ಸೆ. ತೀವ್ರವಾದಾಗ ಮಾತಷ್ಟೇ ಸಾಲದು ಎಂಬುದಕ್ಕೆ 2004ರ ಅಮೆರಿಕದ ದೊಡ್ಡ ಅಧ್ಯಯನವೇ ಇದೆ. ಅದರಲ್ಲಿ ಹನ್ನೆರಡು ವಾರದ ಕೊನೆಗೆ ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಮತ್ತು ಸಿಬಿಟಿ ಎರಡನ್ನೂ ಪಡೆದವರಲ್ಲಿ ಶೇ 71 ಮಂದಿ ಸುಧಾರಿಸಿದರೆ, ಸಿಬಿಟಿ ಮಾತ್ರ ಪಡೆದವರಲ್ಲಿ ಸುಧಾರಿಸಿದವರು ಶೇ 43. ಅದೇ ವರ್ಷ ಅಲ್ಲಿನ ಔಷಧ ನಿಯಂತ್ರಕರು, ಈ ಮಾತ್ರೆಗಳು ಆರಂಭದ ವಾರಗಳಲ್ಲಿ ಕೆಲವು ಮಕ್ಕಳಲ್ಲಿ ಸಾಯುವ ಯೋಚನೆಯನ್ನು ಹೆಚ್ಚಿಸಬಹುದು ಎಂಬ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನೂ ಹಾಕಿಸಿದರು. ಅಂದರೆ ಮಾತ್ರೆ ಬರೆದುಕೊಟ್ಟು ಮೂರು ತಿಂಗಳು ಬಿಟ್ಟು ಬನ್ನಿ ಎನ್ನುವಂತಿಲ್ಲ. ಮತ್ತೆ ಅದೇ ಮಾತು: ನೋಡಿಕೊಳ್ಳುವವರೊಬ್ಬರು ಬೇಕು.

ಈ ಜಾಗಕ್ಕೆ ಈಗ ಕೃತಕ ಬುದ್ಧಿಮತ್ತೆ ಬಂದು ಕುಳಿತಿದೆ. ಅದು ನಿದ್ದೆ ಮಾಡುವುದಿಲ್ಲ, ಹಣ ಕೇಳುವುದಿಲ್ಲ, ಅಮ್ಮನಿಗೆ ಹೇಳುವುದಿಲ್ಲ. ಮಗು ಅದರ ಕಡೆಗೆ ಹೋದರೆ ನನಗೆ ಆಶ್ಚರ್ಯವಿಲ್ಲ. ಆದರೆ ಮಾಮೂಲಿ ಚಾಟ್‌ಬಾಟ್‌ಗಳಿಗೆ ಒಂದು ಹುಟ್ಟುಗುಣವಿದೆ: ಬಳಸುವವರಿಗೆ ಹಿತವಾಗುವಂತೆ ಮಾತಾಡುವುದು, ಹೇಳಿದ್ದಕ್ಕೆ ಹೂಂ ಎನ್ನುವುದು. ಖಿನ್ನತೆಯ ಮಗುವಿಗೆ ಕೆಲವೊಮ್ಮೆ ಬೇಕಾದದ್ದು ಮೆಲ್ಲಗೆ ಅಡ್ಡಗಟ್ಟುವವರು. 2025ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ದಂಪತಿ ತಮ್ಮ ಹದಿನಾರರ ಮಗನ ಸಾವಿಗೆ ಚಾಟ್‌ಜಿಪಿಟಿಯ ಸಂಭಾಷಣೆಗಳೂ ಕಾರಣವೆಂದು ಅದರ ಕಂಪನಿಯ ಮೇಲೆ ದಾವೆ ಹೂಡಿದರು. ಕಂಪನಿ ಮುಂದಿನ ತಿಂಗಳು ಪಾಲಕರ ನಿಯಂತ್ರಣ ವ್ಯವಸ್ಥೆಯನ್ನು ತಂದಿತು. ಅದೇ ಆಗಸ್ಟ್‌ನಲ್ಲಿ ಇಲಿನಾಯ್ ರಾಜ್ಯ, ಕೃತಕ ಬುದ್ಧಿಮತ್ತೆ ತಾನೇ ಚಿಕಿತ್ಸಕನಾಗಿ ವರ್ತಿಸುವುದನ್ನು ಕಾನೂನಿನ ಮೂಲಕ ನಿಷೇಧಿಸಿತು. ಚಿಕಿತ್ಸೆಗೆಂದೇ ಎಚ್ಚರದಿಂದ ಕಟ್ಟಿದ ಬಾಟ್‌ಗಳ ಮಾತು ಬೇರೆ. ಬೆಂಗಳೂರಿನಲ್ಲೇ ಹುಟ್ಟಿದ ವೈಸಾ ಅಂಥದ್ದೊಂದು. ಆದರೂ ‘ಬೇಜಾರು’ ಎಂಬ ಒಂದು ಪದದಲ್ಲಿ ಕ್ರಿಕೆಟ್ ನಿಂತದ್ದೂ ಬದುಕು ಬೇಡವಾದದ್ದೂ ಸೇರಿಕೊಂಡಿರುವ ಭಾಷೆಯಲ್ಲಿ, ಅದನ್ನು ಬಿಡಿಸಿ ಓದುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ನಾನು ಸಿದ್ಧನಿಲ್ಲ.

ನಮ್ಮಲ್ಲಿ ಏನಿದೆ? 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮನಸ್’ ಇದೆ. 14416 ಒತ್ತಿದರೆ ಕನ್ನಡವೂ ಸೇರಿ 20 ಭಾಷೆಗಳಲ್ಲಿ, ಹಗಲು ರಾತ್ರಿ, ಉಚಿತವಾಗಿ ಯಾರಾದರೂ ಸಿಗುತ್ತಾರೆ. ಇದರ ಪ್ರಧಾನ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಈವರೆಗೆ ಬಂದ ಕರೆಗಳು 20 ಲಕ್ಷ ದಾಟಿವೆ. ಎರಡು ವರ್ಷದ ನಂತರ ಆ್ಯಪ್ ಬಂತು, ಆಯ್ದ ಕೆಲವು ರಾಜ್ಯಗಳಲ್ಲಿ ವಿಡಿಯೊ ಸಮಾಲೋಚನೆ ಶುರುವಾಯಿತು, ಅದರಲ್ಲಿ ಕರ್ನಾಟಕವೂ ಒಂದು. ಇದು ಸಣ್ಣ ಸಾಧನೆಯಲ್ಲ. ಮಗು ಬದುಕು ಬೇಡವೆಂದು ಮಾತಾಡುತ್ತಿದ್ದರೆ ಈ ಸಂಖ್ಯೆಯನ್ನೋ ಮಕ್ಕಳ ಸಹಾಯವಾಣಿ 1098ನ್ನೋ ಈ ಕ್ಷಣವೇ ಒತ್ತಬೇಕು, ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು; ಆ ಹೊತ್ತಿನಲ್ಲಿ ಆನ್‌ಲೈನ್ ಚಿಕಿತ್ಸೆಯ ಸಾಧಕ ಬಾಧಕ ಯೋಚಿಸುತ್ತ ಕೂರಬಾರದು. ಆದರೆ ಸಹಾಯವಾಣಿ ಪ್ರಥಮ ಚಿಕಿತ್ಸೆ, ಪೂರ್ಣ ಚಿಕಿತ್ಸೆಯಲ್ಲ. ಮರುಕರೆಯ ಏರ್ಪಾಡು ಇದ್ದರೂ, ಹತ್ತು ವಾರ ಒಂದೇ ಮಗುವಿನ ಜೊತೆ ಒಬ್ಬರೇ ನಡೆಯುವಂತೆ ಅದನ್ನು ಕಟ್ಟಿಲ್ಲ. ಇವತ್ತು ಸಿಕ್ಕ ಅಕ್ಕ ನಾಳೆ ಸಿಗದಿರಬಹುದು. ಹದಿನಾರರ ಹುಡುಗಿ ತನ್ನ ಕಥೆಯನ್ನು ಮೊದಲಿನಿಂದ ಎರಡು ಸಲ ಹೇಳಬಹುದು, ಮೂರನೇ ಸಲ ಹೇಳುವುದಿಲ್ಲ.

ಅದೇ ಒಬ್ಬರು ಬೇಕೆಂದರೆ ಖಾಸಗಿಗೆ ಹೋಗಬೇಕು. ಅಲ್ಲಿ ಒಂದು ಭೇಟಿಗೆ ಸಾವಿರ, ಒಂದೂವರೆ ಸಾವಿರ ರೂಪಾಯಿ ಸಾಮಾನ್ಯ. ಹತ್ತು ಭೇಟಿಯಾದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಹಣವಿದ್ದರೂ ಆ ಕಡೆಯವರು ಯಾರು ಎಂಬ ಪ್ರಶ್ನೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಮನೋವೈದ್ಯರಿಗೆ ವೈದ್ಯಕೀಯ ಮಂಡಳಿಯ ನೋಂದಣಿ ಇದೆ. ‘ಕೌನ್ಸೆಲರ್’, ‘ಥೆರಪಿಸ್ಟ್’ ಎಂಬ ಫಲಕ ಹಾಕಿಕೊಳ್ಳುವವರ ಮೇಲೆ ಅಂಥ ಬಿಗಿ ಇನ್ನೂ ಬಂದಿಲ್ಲ. ವೈದ್ಯರಲ್ಲದ ಆರೋಗ್ಯ ವೃತ್ತಿಪರರಿಗೆಂದು ಬಂದ 2021ರ ಕಾಯ್ದೆ ಆ ದಾರಿ ತೆರೆದಿದೆ, ನಡೆಯುವ ವೇಗ ಮಾತ್ರ ಸರ್ಕಾರಿ ವೇಗ. ನೋಂದಣಿ ಸಂಖ್ಯೆ ಕೇಳಿದರೆ ಬೇಸರಿಸಿಕೊಳ್ಳುವವರ ಬಳಿ ಮಗುವನ್ನು ಕಳಿಸಬೇಡಿ. ಮೊದಲ ದಿನವೇ ‘ಈಗ ನೀನು ಎಲ್ಲಿದ್ದೀಯ, ಏನಾದರೂ ಆದರೆ ಯಾರಿಗೆ ಫೋನ್ ಮಾಡಲಿ’ ಎಂದು ಕೇಳದವರ ಬಳಿಯೂ ಬೇಡ. ನೂರಾರು ಮೈಲಿ ದೂರದಲ್ಲಿ ಕೂತವರಿಗೆ ಮಗುವಿನ ವಿಳಾಸ ಗೊತ್ತಿಲ್ಲದಿದ್ದರೆ ಆಪತ್ತಿನಲ್ಲಿ ಅವರು ಮಾಡುವುದೇನು?

ಈಗ ಮನೆಯೊಳಗೆ ಬರೋಣ. ನಿಜವಾದ ಕಷ್ಟ ಇರುವುದು ಇಲ್ಲಿ. ಆನ್‌ಲೈನ್ ಚಿಕಿತ್ಸೆಯ ಕರಪತ್ರಗಳಲ್ಲಿ ಮಗು ತನ್ನ ಕೋಣೆಯಲ್ಲಿ, ತನ್ನ ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತದೆ. ದಾವಣಗೆರೆಯ ಎರಡು ಕೋಣೆಯ ಬಾಡಿಗೆ ಮನೆಯನ್ನು ಊಹಿಸಿಕೊಳ್ಳಿ. ಹಾಲ್‌ನಲ್ಲಿ ಅಜ್ಜಿಯ ಮಂಚ, ಟಿವಿ. ಅಡುಗೆಮನೆಗೂ ಒಳಕೋಣೆಗೂ ನಡುವೆ ಪರದೆ. ಫೋನ್ ಅಪ್ಪನದು, ಅವರು ಅಂಗಡಿಯಿಂದ ಬರುವುದು ಎಂಟೂವರೆಗೆ. ಹುಡುಗಿ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರೆ ಹೊರಗಿನವರ ಮನಸ್ಸಿಗೆ ಬರುವ ಮೊದಲ ಅನುಮಾನ ಚಿಕಿತ್ಸೆಯದಲ್ಲ. ಅವಳ ಬೇಜಾರಿಗೆ ಮನೆಯೇ ಕಾರಣವಾಗಿದ್ದರಂತೂ ಮುಗಿಯಿತು. ಅಪ್ಪ ಎರಡು ಮಾರು ದೂರದಲ್ಲಿ ಕೂತಿರುವಾಗ ಅಪ್ಪನ ವಿಷಯ ಹೇಗೆ ಹೇಳುವುದು? ಆಸ್ಪತ್ರೆಯ ಕೋಣೆ ಎಷ್ಟೇ ದೂರವಿರಲಿ, ಅದರ ಬಾಗಿಲು ಮುಚ್ಚುತ್ತಿತ್ತು.

ಸ್ವೀಡನ್ನಿನ ಆ ಅರ್ಧ ಗಂಟೆಯ ಬರಹದ ಹರಟೆ ನನಗೆ ಇಲ್ಲಿ ಮತ್ತೆ ನೆನಪಾಗುತ್ತದೆ. ಬೆರಳಿಗೆ ಸದ್ದಿಲ್ಲ. ಗೋಡೆಗಳು ತೆಳುವಾಗಿರುವ ನಾಡಿಗೆ ವಿಡಿಯೊಗಿಂತ ಬರಹವೇ ಒಗ್ಗುವ ಮಾಧ್ಯಮ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮಲ್ಲಿ ಎಲ್ಲರೂ ವಿಡಿಯೊ ಬಂದರೆ ಸಾಕು, ಮುಂದುವರಿದೆವು ಎಂದುಕೊಳ್ಳುತ್ತಾರೆ. ಆದರೆ ಬರಹಕ್ಕೂ ಒಂದು ಬಾಲವಿದೆ: ಅಳಿಸದಿದ್ದರೆ ಉಳಿಯುತ್ತದೆ, ಉಳಿದರೆ ಅಪ್ಪನ ಕಣ್ಣಿಗೆ ಬೀಳುತ್ತದೆ. ಬರೆದದ್ದು ಫೋನಿನಲ್ಲಿ ನಿಲ್ಲದಂಥ, ಕಂಗ್ಲಿಷ್ ಅಕ್ಷರದ ಕನ್ನಡವನ್ನೂ ಸಲೀಸಾಗಿ ಓದುವ ಚಿಕಿತ್ಸಕರಿರುವ ಏರ್ಪಾಡು ಬೇಕು. ಹಾಗೆಯೇ ಆ್ಯಪ್‌ಗಳ ಕನ್ನಡದ ಬಗ್ಗೆ ಒಂದು ಮಾತು. ಇಂಗ್ಲಿಷ್ ಪಾಠವನ್ನು ಶಬ್ದಕೋಶ ಹಿಡಿದು ಇಳಿಸಿದ ಆ ಕನ್ನಡವನ್ನು ಓದಿದರೆ ಖಿನ್ನತೆ ಇಲ್ಲದವರಿಗೂ ಬರುತ್ತದೆ.

ಕಾನೂನು ಈ ಗುಟ್ಟಿನ ಜಾಗವನ್ನು ಇನ್ನಷ್ಟು ಕಿರಿದು ಮಾಡಿದೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವೈದ್ಯರು ಅಪ್ರಾಪ್ತರನ್ನು ದೂರದಿಂದ ನೋಡಬೇಕಾದರೆ ಜೊತೆಯಲ್ಲಿ ಹಿರಿಯರೊಬ್ಬರು ಇರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಮಗುವಿನ ಪರವಾಗಿ ನಿಲ್ಲುವವರು ಪೋಷಕರೇ. ಇದರ ಉದ್ದೇಶ ರಕ್ಷಣೆ, ಸರಿ. ಆದರೆ ಪೋಷಕರಿಗೆ ಹೇಳಲಾಗದ್ದನ್ನು ಹೇಳಲೆಂದೇ ಬಂದ ಮಗುವಿಗೆ ಇದು ಬಾಗಿಲಿಗೆ ಹಾಕಿದ ಚಿಲಕ. ಇನ್ನು ಪೋಕ್ಸೊ: ಹದಿನೆಂಟರೊಳಗಿನವರ ಲೈಂಗಿಕ ಸಂಬಂಧದ ವಿಷಯ ತಿಳಿದವರು, ಅದು ಇಬ್ಬರ ಒಪ್ಪಿಗೆಯ ಪ್ರೇಮವೇ ಆಗಿದ್ದರೂ, ಪೊಲೀಸರಿಗೆ ತಿಳಿಸಲೇಬೇಕು. ಹದಿನೇಳರ ಹುಡುಗಿಯ ಬೇಜಾರಿನ ಮೂಲ ಮುರಿದುಬಿದ್ದ ಪ್ರೇಮವಾಗಿದ್ದರೆ, ಪ್ರಾಮಾಣಿಕ ಆಪ್ತಸಮಾಲೋಚಕರು ಮೊದಲ ದಿನವೇ ‘ಇಂಥದ್ದನ್ನು ಹೇಳಿದರೆ ನಾನು ಗುಟ್ಟಾಗಿಡಲಾರೆ’ ಎನ್ನಬೇಕಾಗುತ್ತದೆ. ಅವಳು ಆಮೇಲೆ ಪರೀಕ್ಷೆಯ ಭಯದ ಬಗ್ಗೆ ಮಾತಾಡಿ ಹೊರಟುಹೋಗುತ್ತಾಳೆ. ಈ ಗಂಟನ್ನು ಯಾವ ಆ್ಯಪ್ ಬಿಡಿಸಲಾರದು, ಸಂಸತ್ತು ಬಿಡಿಸಬೇಕು. ಗುಟ್ಟು ಕಂಪನಿಗಳ ಕೈಯಲ್ಲಿ ಸುರಕ್ಷಿತವೇ ಎಂಬುದು ಬೇರೆ ಚಿಂತೆ. ಆನ್‌ಲೈನ್ ಚಿಕಿತ್ಸೆ ಒದಗಿಸುವ ಅಮೆರಿಕದ ಕಂಪನಿ ಬೆಟರ್‌ಹೆಲ್ಪ್ ತನ್ನ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳಿಗೆ ಕೊಟ್ಟಿತೆಂಬ ಆರೋಪದಲ್ಲಿ 2023ರಲ್ಲಿ 78 ಲಕ್ಷ ಡಾಲರ್ ತೆರಬೇಕಾಯಿತು.

ಮನೆಯಲ್ಲಿ ಕೋಣೆ ಇಲ್ಲದವರದು ಒಂದು ಪಾಡಾದರೆ, ಫೋನೇ ಇಲ್ಲದವರದು ಇನ್ನೊಂದು. ಕರಾವಳಿಯ ವಸತಿ ಪಿಯು ಕಾಲೇಜುಗಳಿಗೆ ಬಳ್ಳಾರಿ, ರಾಯಚೂರು, ವಿಜಯಪುರದ ಮಕ್ಕಳು ನೀಟ್, ಸಿಇಟಿ ಕನಸು ಹೊತ್ತು ಬರುತ್ತಾರೆ. ಬೆಳಿಗ್ಗೆ ಐದಕ್ಕೆ ಓದು, ರಾತ್ರಿ ಹತ್ತೂವರೆಗೆ ದೀಪ ಆರುವುದು, ಮೊಬೈಲ್ ನಿಷೇಧ. ಮನೆಯವರ ಜೊತೆ ಮಾತು ವಾರಕ್ಕೊಮ್ಮೆ, ಹಾಸ್ಟೆಲ್ ಫೋನಿನಲ್ಲಿ, ಹಿಂದೆ ಸಾಲು ನಿಂತಿರುವಾಗ. ಆ ಐದು ನಿಮಿಷದಲ್ಲಿ ‘ಚೆನ್ನಾಗಿದ್ದೇನೆ’ ಎನ್ನದೆ ಬೇರೇನು ಹೇಳಲು ಸಾಧ್ಯ? ನೀಟ್‌ಗೆ ಸಿದ್ಧವಾಗುತ್ತಿದ್ದ ಹದಿನೇಳರ ಹುಡುಗಿಯೊಬ್ಬಳು ವಿಶಾಖಪಟ್ಟಣದಲ್ಲಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಹದಿನೈದು ನಿರ್ದೇಶನ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕು. ಟೆಲಿ ಮನಸ್ ಸೇರಿ ಸಹಾಯವಾಣಿಗಳ ಸಂಖ್ಯೆಯನ್ನು ಹಾಸ್ಟೆಲುಗಳಲ್ಲಿ ಎದ್ದು ಕಾಣುವಂತೆ ಬರೆದು ಹಾಕಬೇಕು. ಮೊಬೈಲ್ ನಿಷೇಧವಿರುವ ಹಾಸ್ಟೆಲಿನ ಗೋಡೆಯ ಮೇಲೆ ಫೋನ್ ನಂಬರ್! ಆದೇಶ ಪಾಲನೆಯಾಗಿದೆ ಎಂದು ಫೋಟೊ ತೆಗೆದು ಕಳಿಸಲು ಇದಕ್ಕಿಂತ ಸುಲಭದ ಕೆಲಸವಿಲ್ಲ.

ಹಳೆಯ ಸಾಮಾನುಗಳೇ ನಮ್ಮ ಕೈಯಲ್ಲಿವೆ ಎಂಬುದು ಈ ಇಡೀ ವಿಷಯದ ವಿಪರ್ಯಾಸ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ನಡೆಸಿದ ಬಳ್ಳಾರಿ ಪ್ರಯೋಗದಿಂದ. ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಕಳಿಸುವ ‘ಮನೋಚೈತನ್ಯ’ ನಮ್ಮದೇ ರಾಜ್ಯದ ಯೋಜನೆ. ಹದಿಹರೆಯದವರಿಗೆಂದು ‘ಸ್ನೇಹ ಕ್ಲಿನಿಕ್’ಗಳಿವೆ, ಅವುಗಳ ಹೆಸರು ಹದಿಹರೆಯದವರಿಗೇ ಗೊತ್ತಿಲ್ಲ, ಅದಿರಲಿ. ಮೊದಲ ಸಲ ಮಗು ಅಂಥದ್ದೊಂದು ಮಂಗಳವಾರ ವೈದ್ಯರ ಎದುರು ಕೂರಬೇಕು. ಸೌಮ್ಯವೋ ತೀವ್ರವೋ, ಮಾತ್ರೆ ಬೇಕೋ ಬೇಡವೋ ಅಲ್ಲಿ ತೀರ್ಮಾನವಾಗಬೇಕು. ಆಮೇಲಿನ ಹತ್ತು ವಾರ, ಜಿಲ್ಲಾ ಕೇಂದ್ರದಲ್ಲಿರುವ ಆಪ್ತಸಮಾಲೋಚಕರೊಬ್ಬರು, ಅದೇ ಒಬ್ಬರು, ಬರಹದಲ್ಲಿ. ಮನೆಯಲ್ಲಿ ಕೋಣೆಯಿಲ್ಲದವರಿಗೆ ಶಾಲೆಯ ಒಂದು ಕೋಣೆ, ಹಾಸ್ಟೆಲಿನವರಿಗೆ ಹಾಸ್ಟೆಲಿನ ಒಂದು ಕೋಣೆ, ಅರ್ಧ ಗಂಟೆ, ವಾರ್ಡನ್ ಹೊರಗೆ.

ಬರೆಯಲು ಯಂತ್ರ ಎಲ್ಲಿಂದ ತರುವುದು ಎಂದು ವಸತಿ ಕಾಲೇಜಿನ ಆಡಳಿತ ಮಂಡಳಿಯವರು ಕೇಳಬಹುದು. ಜೆಇಇ ಅಣಕು ಪರೀಕ್ಷೆಗೆಂದು ಅವರೇ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿಟ್ಟ ಲ್ಯಾಬ್, ಭಾನುವಾರ ಮಧ್ಯಾಹ್ನ ಬೀಗ ಹಾಕಿಕೊಂಡು ಖಾಲಿ ಇರುತ್ತದೆ.